ಕೊಳವೆಯ ಕೊರಳಿಗೊಂದು ಪಟ್ಟಿ: ಹೋಸ್ ಕ್ಲಾಂಪ್ ಬೆಳೆದು ಬಂದ ದಾರಿ

ನಿಮ್ಮ ಮನೆಯ ಮೋಟಾರ್ ಸೈಕಲ್ಲಿನ ಪಕ್ಕದಲ್ಲಿ ಕುಳಿತು ಪೆಟ್ರೋಲ್ ಟ್ಯಾಂಕಿನ ಕೆಳಭಾಗವನ್ನೊಮ್ಮೆ ಇಣುಕಿ ನೋಡಿ. ಹಳೆಯ ಗಾಡಿಯಾದರೆ ಪೆಟ್ರೋಲ್ ಕಾಕ್‌ನಿಂದ ಕಾರ್ಬ್ಯುರೇಟರಿಗೆ ಇಳಿದು ಬಂದ ರಬ್ಬರ್ ಕೊಳವೆ ಕಾಣುತ್ತದೆ. ಅದರ ಎರಡೂ ತುದಿಗಳಿಗೆ ಉಂಗುರದಂತೆ ಸುತ್ತಿಕೊಂಡ ಉಕ್ಕಿನ ತಂತಿ ಇರುತ್ತದೆ. ಎಂಜಿನ್ನಿನ ಮುಂದೆ ರೇಡಿಯೇಟರ್ ಇರುವ ಗಾಡಿಯಾದರೆ ಹೆಬ್ಬೆರಳಿನಷ್ಟು ದಪ್ಪದ ಹೋಸುಗಳೂ ಅವುಗಳ ತುದಿಗೆ ಅಗಲವಾದ ಪಟ್ಟಿಗಳೂ ಕಾಣುತ್ತವೆ. ಇವೇ ಹೋಸ್ ಕ್ಲಾಂಪುಗಳು. ಗ್ಯಾರೇಜಿನ ಮಾತಿನಲ್ಲಿ ಬರೀ 'ಕ್ಲಿಪ್'.

ಗಾಡಿಯ ಬೆಲೆಯ ಮುಂದೆ ಕ್ಲಿಪ್ಪಿನ ಬೆಲೆ ಲೆಕ್ಕಕ್ಕೇ ಬಾರದು. ಆದರೆ ಅದು ಸಡಿಲಗೊಂಡರೆ ಆಗುವ ಅನಾಹುತ ಚಿಕ್ಕದಲ್ಲ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡಬಲ್ಲದು. ಆ ಆವಿ ಗಾಳಿಗಿಂತ ಭಾರ. ಹಾಗಾಗಿ ಅದು ಮೇಲೇರಿ ಚದುರದೆ ಎಂಜಿನ್ನಿನ ಸುತ್ತ ಇಳಿದು ನಿಲ್ಲುತ್ತದೆ. ಅಲ್ಲಿ ಕಿಡಿಯೊಂದಿದ್ದರೆ ಸಾಕು. ಇನ್ನು ರೇಡಿಯೇಟರಿನ ದ್ರವ ಸೋರಿ ಹಿಂದಿನ ಟೈರಿನ ಮೇಲೆ ಬಿದ್ದರೆ ತಿರುವಿನಲ್ಲಿ ಗಾಡಿ ಜಾರುತ್ತದೆ.

ಇಷ್ಟು ಹೊಣೆ ಹೊತ್ತ ಈ ಭಾಗಕ್ಕೆ ಒಂದು ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದನ್ನು ಅರಿಯಲು ಒಂದೇ ಪ್ರಶ್ನೆ ಸಾಕು: ಈ ಜೋಡಣೆಯಲ್ಲಿ ಸ್ಪ್ರಿಂಗ್ ಎಲ್ಲಿದೆ? ಕ್ಲಾಂಪ್ ಎಂದರೆ ಬಿರಡೆಯಲ್ಲ. ರಬ್ಬರನ್ನು ಲೋಹದ ಕೊಳವೆಯ ಮೇಲೆ ಸದಾ ಒತ್ತುತ್ತಿರಬೇಕಾದ ವ್ಯವಸ್ಥೆ. ಸದಾ ಒತ್ತುತ್ತಿರಬೇಕಾದರೆ ಎಲ್ಲೋ ಒಂದು ಕಡೆ ಸ್ಥಿತಿಸ್ಥಾಪಕ ಶಕ್ತಿ ಸಂಗ್ರಹವಾಗಿರಲೇಬೇಕು. ಆ ಸಂಗ್ರಹ ಎಲ್ಲಿರಬೇಕೆಂಬ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ದೊರೆತ ಉತ್ತರಗಳೇ ಬೇರೆ ಬೇರೆ ಬಗೆಯ ಕ್ಲಾಂಪುಗಳು.

ತಾಮ್ರದಿಂದ ರಬ್ಬರಿಗೆ

ಮೊದಮೊದಲ ಮೋಟಾರ್ ಸೈಕಲ್ಲುಗಳಲ್ಲಿ ಪೆಟ್ರೋಲು ಹರಿಯುತ್ತಿದ್ದುದು ತಾಮ್ರದ ಅಥವಾ ಹಿತ್ತಾಳೆಯ ಸಣ್ಣ ಕೊಳವೆಗಳಲ್ಲಿ. ತುದಿಗಳನ್ನು ಬೆಸೆದು, ನಟ್ಟು ಹಾಕಿ ಬಿಗಿಯುತ್ತಿದ್ದರು. ಆದರೆ ಎಂಜಿನ್ ಅದುರುತ್ತದೆ. ಅದುರಿದಷ್ಟೂ ತಾಮ್ರ ಗಡುಸಾಗುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಕೊಳವೆಯ ನಡುವೆ ಸುರುಳಿಯೊಂದನ್ನು ಸುತ್ತಿ ಅದಕ್ಕೆ ಸ್ವಲ್ಪ ಬಾಗುವ ಗುಣ ಕೊಡುತ್ತಿದ್ದುದೂ ಉಂಟು.

ಹಾಗಾದರೆ ಬಾಗುವ ರಬ್ಬರನ್ನೇ ಏಕೆ ಬಳಸಲಿಲ್ಲ? ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ರಬ್ಬರನ್ನು ಹದಗೊಳಿಸುವ ವಿಧಾನವನ್ನು ಕಂಡುಕೊಂಡಿದ್ದ. ಆದರೆ ನೈಸರ್ಗಿಕ ರಬ್ಬರೂ ಪೆಟ್ರೋಲೂ ಹೈಡ್ರೋಕಾರ್ಬನ್ನುಗಳೇ. ಒಂದೇ ಜಾತಿಯ ಪದಾರ್ಥಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಪೆಟ್ರೋಲಿನಲ್ಲಿ ನೆನೆದ ನೈಸರ್ಗಿಕ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ನಿಯೋಪ್ರೀನ್, ಜರ್ಮನಿಯಲ್ಲಿ ನೈಟ್ರೈಲ್ ಎಂಬ ಸಂಶ್ಲೇಷಿತ ರಬ್ಬರುಗಳು ಬಂದವು. ನೈಟ್ರೈಲಿನ ಅಣುಸರಪಳಿಯಲ್ಲಿ ಧ್ರುವೀಯ ಗುಂಪುಗಳಿರುವುದರಿಂದ ಪೆಟ್ರೋಲು ಅದರೊಳಗೆ ಸುಲಭವಾಗಿ ನುಗ್ಗಲಾರದು. ಬಾಗುವ ಪೆಟ್ರೋಲ್ ಕೊಳವೆ ನಂಬಿಕೆಗೆ ಅರ್ಹವಾದುದು ಇಂತಹ ರಬ್ಬರುಗಳಿಂದಲೇ.

ಕೊಳವೆ ಬಾಗುವಂತಾದೊಡನೆ ಇನ್ನೊಂದು ಪ್ರಶ್ನೆ ಎದುರಾಯಿತು: ಅದನ್ನು ತುದಿಯಲ್ಲಿ ಹಿಡಿದಿಡುವುದು ಹೇಗೆ?

ತಂತಿಯಿಂದ ತಿರುಪಿಗೆ

ಈ ಪ್ರಶ್ನೆ ಮೋಟಾರ್ ಸೈಕಲ್ಲಿಗಿಂತ ಮೊದಲೇ ಬೆಂಕಿ ಆರಿಸುವವರನ್ನು ಕಾಡಿತ್ತು. ಬೆಂಕಿ ಆರಿಸುವ ಹೋಸಿನಲ್ಲಿ ನೀರು ಬಲವಾದ ಒತ್ತಡದಲ್ಲಿ ಹರಿಯುತ್ತದೆ. ತುದಿ ಕಳಚಿದರೆ ಕೆಲಸ ಕೆಟ್ಟಿತು. ಸ್ವೀಡನ್ನಿನ ಕ್ನೂಟ್ ಬೆರಿಸ್ಟ್ರೋಮ್ 1896ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಥಾಪಿಸಿದ ಸಂಸ್ಥೆಯ ಹೆಸರಿನ ಅರ್ಥವೇ 'ಬೆಂಕಿ ಆರಿಸುವ ಸಲಕರಣೆಗಳ ಅಂಗಡಿ'. ಮುಂದೆ ಎಬಿಎ ಎಂಬ ಹೆಸರಿನಿಂದ ಅದು ಹೋಸ್ ಕ್ಲಾಂಪುಗಳಿಗೇ ಪ್ರಸಿದ್ಧವಾಯಿತು.

ಕ್ಲಾಂಪ್ ಇಲ್ಲದಾಗ ಎಲ್ಲರೂ ಮಾಡುವ ಉಪಾಯ ತಂತಿ ಸುತ್ತಿ ಹೊಸೆಯುವುದು. ಬೈಂಡಿಂಗ್ ವೈರನ್ನು ಎರಡು ಸುತ್ತು ಸುತ್ತಿ ಕಟಿಂಗ್ ಪ್ಲೇಯರಿನಿಂದ ತಿರುಚುವುದನ್ನು ನೀವು ಇಂದಿಗೂ ನೋಡಬಹುದು. ಇದರ ದೋಷಗಳು ಎರಡು. ತಂತಿ ಸಣ್ಣದಾದ್ದರಿಂದ ಬಲವೆಲ್ಲ ಒಂದು ಗೆರೆಯ ಮೇಲೆ ಬಿದ್ದು ರಬ್ಬರನ್ನು ಕೊಯ್ಯುತ್ತದೆ. ಜೊತೆಗೆ, ಒಮ್ಮೆ ಸಡಿಲವಾದರೆ ಮತ್ತೆ ಅಳತೆಯಂತೆ ಬಿಗಿಯಲು ಬಾರದು.

ಬ್ರಿಟಿಷ್ ನೌಕಾಪಡೆಯ ಕಮಾಂಡರ್ ಲಮ್ಲಿ ರಾಬಿನ್‌ಸನ್ ಇದಕ್ಕೆ 1921ರಲ್ಲಿ ಅಂದವಾದ ಪರಿಹಾರವೊಂದಕ್ಕೆ ಪೇಟೆಂಟ್ ಪಡೆದರು. ಉಕ್ಕಿನ ಪಟ್ಟಿಯ ಮೇಲೆ ಓರೆಯಾದ ಗೀರುಗಳು. ಪಟ್ಟಿಯ ಒಂದು ತುದಿಗೆ ಪುಟ್ಟ ಗೂಡು. ಗೂಡಿನೊಳಗೆ ಒಂದು ತಿರುಪು. ತಿರುಪನ್ನು ಸುತ್ತಿದಂತೆ ಅದರ ಏಣುಗಳು ಗೀರುಗಳನ್ನು ಹಿಡಿದು ಪಟ್ಟಿಯನ್ನು ಎಳೆಯುತ್ತವೆ. ಇದು ವರ್ಮ್ ಗೇರಿನ ತತ್ತ್ವ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಗಿಲ್ಲಿಂಗ್‌ಹ್ಯಾಮ್‌ನಲ್ಲಿ ರಾಬಿನ್‌ಸನ್ ಸ್ಥಾಪಿಸಿದ ಕಂಪನಿ ಇದನ್ನು 'ಜುಬಿಲಿ ಕ್ಲಿಪ್' ಎಂಬ ಹೆಸರಿನಲ್ಲಿ ಮಾರಿತು. ನಾವು ಎಲ್ಲ ನಕಲು ಪ್ರತಿಯನ್ನೂ 'ಜೆರಾಕ್ಸ್' ಎನ್ನುವಂತೆ ಬ್ರಿಟನ್ನಿನಲ್ಲಿ ಯಾವ ಕಂಪನಿಯ ತಿರುಪಿನ ಕ್ಲಾಂಪನ್ನಾದರೂ ಜುಬಿಲಿ ಕ್ಲಿಪ್ ಎಂದೇ ಕರೆಯುತ್ತಾರೆ.

ಇಲ್ಲಿ ಭೌತವಿಜ್ಞಾನದ ಒಂದು ಸ್ವಾರಸ್ಯವಿದೆ. ತಿರುಪನ್ನು ಬಿಗಿದು ಕೈಬಿಟ್ಟ ಮೇಲೆ ಪಟ್ಟಿಯ ಎಳೆತವೇ ಅದನ್ನು ಹಿಂದಕ್ಕೆ ಸುತ್ತಿ ಬಿಚ್ಚುವುದಿಲ್ಲವೇಕೆ? ಘರ್ಷಣೆಯಿಂದ. ತಿರುಪಿನ ಏಣು ಒಂದು ಸುತ್ತಿಗೆ ಸುಮಾರು 3 ಮಿಲಿಮೀಟರ್ ಮುಂದುವರಿಯುತ್ತದೆ, ತಿರುಪಿನ ವ್ಯಾಸ ಸುಮಾರು 8 ಮಿಲಿಮೀಟರ್ ಎಂದುಕೊಳ್ಳಿ. ಆಗ ಇಳಿಜಾರಿನ ಪ್ರಮಾಣ 3 ÷ (3.14 × 8), ಅಂದರೆ ಸುಮಾರು 0.12. ಉಕ್ಕಿನ ಮೇಲೆ ಉಕ್ಕು ಉಜ್ಜುವಾಗ ಘರ್ಷಣಾಂಕವನ್ನು 0.2 ಎಂದು ಹಿಡಿಯಬಹುದು. ಇಳಿಜಾರು ಘರ್ಷಣಾಂಕಕ್ಕಿಂತ ಕಡಿಮೆಯಿದ್ದರೆ ಇಳಿಜಾರಿನ ಮೇಲಿಟ್ಟ ವಸ್ತು ಜಾರದು ಎಂಬುದನ್ನು ನೀವು ಪಿಯುಸಿಯಲ್ಲೇ ಓದಿದ್ದೀರಿ. ತಿರುಪೆಂದರೆ ಸುತ್ತಿಟ್ಟ ಇಳಿಜಾರು ತಾನೆ? ಹಾಗಾಗಿ ಅದು ತಾನಾಗಿ ಹಿಂದಕ್ಕೆ ಸುತ್ತದು.

ಆದರೆ ಹೀಗೆ ತಾನೇ ಬೀಗ ಹಾಕಿಕೊಳ್ಳುವ ತಿರುಪಿನ ದಕ್ಷತೆ ಶೇಕಡಾ 50ಕ್ಕಿಂತ ಕಡಿಮೆಯೇ ಇರಬೇಕು. ಯಂತ್ರಗಳ ಪಾಠದಲ್ಲಿ ನಾವು ಘರ್ಷಣೆಯನ್ನು ನಷ್ಟವೆಂದು ಬರೆಸುತ್ತೇವೆ. ಕ್ಲಾಂಪಿನಲ್ಲಿ ಆ ನಷ್ಟವೇ ಲಾಭ.

ಪಟ್ಟಿ ಒತ್ತುವ ಬಗೆ

ಈಗ ಸಣ್ಣ ಲೆಕ್ಕವೊಂದನ್ನು ಮಾಡೋಣ. ಹೋಸನ್ನು ಸುತ್ತಿದ ಪಟ್ಟಿಯನ್ನು ಮನಸ್ಸಿನಲ್ಲೇ ಎರಡು ಹೋಳು ಮಾಡಿ. ಅರ್ಧ ಬಳೆಯ ಎರಡೂ ತುದಿಗಳಲ್ಲಿ ಎಳೆತವಿದೆ. ಈ ಎರಡು ಎಳೆತಗಳ ಮೊತ್ತ, ರಬ್ಬರ್ ಆ ಅರ್ಧ ಬಳೆಯನ್ನು ಹೊರಕ್ಕೆ ತಳ್ಳುವ ಬಲಕ್ಕೆ ಸಮ. ಹೊರಕ್ಕೆ ತಳ್ಳುವ ಬಲವೆಂದರೆ ಒತ್ತಡ × ವ್ಯಾಸ × ಪಟ್ಟಿಯ ಅಗಲ. ಆದ್ದರಿಂದ

ಒತ್ತಡ = ಎಳೆತ ÷ (ತ್ರಿಜ್ಯ × ಅಗಲ)

ತಿರುಪಿಗೆ 1.5 ನ್ಯೂಟನ್-ಮೀಟರ್ ಟಾರ್ಕ್ ಕೊಟ್ಟಿರಿ ಎನ್ನೋಣ. ಒಂದು ಸುತ್ತಿಗೆ ಮಾಡಿದ ಕೆಲಸ ಸುಮಾರು 9.4 ಜೂಲ್. ಆ ಸುತ್ತಿನಲ್ಲಿ ಪಟ್ಟಿ ಸರಿಯುವುದು 3 ಮಿಲಿಮೀಟರ್. ಘರ್ಷಣೆ ಇರದಿದ್ದರೆ ಎಳೆತ ಸುಮಾರು 3,100 ನ್ಯೂಟನ್ ಆಗಬೇಕಿತ್ತು. ತಿರುಪಿನ ತಲೆಯ ಘರ್ಷಣೆಯೂ ಸೇರಿ ದಕ್ಷತೆ ಶೇಕಡಾ 20ರ ಆಸುಪಾಸು ಎಂದರೆ ದಕ್ಕುವುದು 600 ನ್ಯೂಟನ್. ಹೋಸಿನ ಹೊರತ್ರಿಜ್ಯ 12 ಮಿಲಿಮೀಟರ್, ಪಟ್ಟಿಯ ಅಗಲ 9 ಮಿಲಿಮೀಟರ್ ಆದರೆ ಒತ್ತಡ ಸುಮಾರು 5.5 ಮೆಗಾಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು 55 ಪಟ್ಟು! ಸ್ಕ್ರೂಡ್ರೈವರ್ ಹಿಡಿದ ಕೈಯೊಂದು ಇಷ್ಟನ್ನು ಸುಲಭವಾಗಿ ಸಾಧಿಸುತ್ತದೆ.

ಸೂತ್ರವನ್ನು ಮತ್ತೊಮ್ಮೆ ನೋಡಿ. ತ್ರಿಜ್ಯ ಛೇದದಲ್ಲಿದೆ. ಅದೇ ಎಳೆತವನ್ನು 5 ಮಿಲಿಮೀಟರ್ ತ್ರಿಜ್ಯದ ಪೆಟ್ರೋಲ್ ಕೊಳವೆಗೆ ಕೊಟ್ಟರೆ ಒತ್ತಡ 13 ಮೆಗಾಪಾಸ್ಕಲ್ ದಾಟುತ್ತದೆ. ಪಟ್ಟಿಯ ಅಂಚು ರಬ್ಬರಿನೊಳಗೆ ಇಳಿಯುತ್ತದೆ. ಸಾಲದ್ದಕ್ಕೆ ತಿರುಪಿನ ಗೂಡು ನೇರವಾದುದು. ಅದರ ಉದ್ದ ಸುಮಾರು 12 ಮಿಲಿಮೀಟರ್ ಇದ್ದು ಕೊಳವೆಯ ವ್ಯಾಸ 10 ಮಿಲಿಮೀಟರ್ ಇದ್ದರೆ, ವ್ಯಾಸಕ್ಕಿಂತ ಉದ್ದವಾದ ನೇರ ತುಂಡೊಂದು ವೃತ್ತವನ್ನು ಅಪ್ಪಿಕೊಳ್ಳುವುದಾದರೂ ಹೇಗೆ? ಒಂದು ಕಡೆ ಕೊಯ್ತ, ಇನ್ನೊಂದು ಕಡೆ ಸಂದು. ದೊಡ್ಡ ಹೋಸಿಗೆ ವರವಾದ ತಿರುಪಿನ ಕ್ಲಾಂಪ್ ಸಣ್ಣ ಪೆಟ್ರೋಲ್ ಕೊಳವೆಗೆ ಹೊಂದುವುದಿಲ್ಲ ಎಂಬುದಕ್ಕೆ ಕಾರಣ ಇದು. ಇದ್ದ ತಂತಿ ಕ್ಲಿಪ್ಪನ್ನು ಕಿತ್ತು 'ಗಟ್ಟಿಯಾಗಿರಲಿ' ಎಂದು ತಿರುಪಿನ ಕ್ಲಾಂಪನ್ನು ಹಾಕಿಸುವವರು ಇದನ್ನು ನೆನಪಿಡಬೇಕು.

ನೀರು ಬಿಸಿಯಾದಾಗ

ಮೋಟಾರ್ ಸೈಕಲ್ಲುಗಳಲ್ಲಿ ದೊಡ್ಡ ಹೋಸು ಬಂದದ್ದು ನೀರಿನಿಂದ ಎಂಜಿನ್ ತಣಿಸುವ ಏರ್ಪಾಡಿನೊಂದಿಗೆ. ಇಂಗ್ಲೆಂಡಿನ ಯಾರ್ಕ್‌ಶೈರಿನ ಆಲ್‌ಫ್ರೆಡ್ ಆಂಗಸ್ ಸ್ಕಾಟ್ 1908ರಲ್ಲಿ ಆರಂಭಿಸಿದ ಕಂಪನಿಯ ಎರಡು ಸಿಲಿಂಡರಿನ ಗಾಡಿಗಳಲ್ಲಿ ನೀರು ಬಳಕೆಯಾಗಿತ್ತು. 1912 ಮತ್ತು 1913ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಹಿರಿಯರ ಟಿಟಿ ಪಂದ್ಯವನ್ನು ಗೆದ್ದದ್ದು ಸ್ಕಾಟ್ ಗಾಡಿಗಳೇ. ಅವುಗಳಲ್ಲಿ ಪಂಪು ಇರಲಿಲ್ಲ. ಬಿಸಿನೀರು ಹಗುರವಾಗಿ ಮೇಲೇರುವುದು, ತಣಿದ ನೀರು ಕೆಳಗಿಳಿಯುವುದು, ಅಷ್ಟೇ. ಅರ್ಧ ಮೀಟರ್ ಎತ್ತರದ ನೀರಿನ ಕಂಬ ಉಂಟುಮಾಡುವ ಒತ್ತಡ ಸುಮಾರು 5 ಕಿಲೋಪಾಸ್ಕಲ್ ಮಾತ್ರ. ಹೋಸನ್ನು ಹಿಡಿದಿಡುವುದು ಅಲ್ಲಿ ಕಷ್ಟದ ಕೆಲಸವಾಗಿರಲಿಲ್ಲ.

ಮುಂದೆ ಗಾಳಿಯಿಂದ ತಣಿಯುವ ಎಂಜಿನ್ನುಗಳದ್ದೇ ಬಹುಕಾಲ ಮೇಲುಗೈ. ಜಪಾನಿನ ಸುಜುಕಿ 1971ರಲ್ಲಿ ಜಿಟಿ750 ಗಾಡಿಯನ್ನೂ ಹೋಂಡಾ 1975ರಲ್ಲಿ ಗೋಲ್ಡ್‌ವಿಂಗ್ ಗಾಡಿಯನ್ನೂ ಮಾರುಕಟ್ಟೆಗೆ ತಂದಾಗ ದೊಡ್ಡ ಮೋಟಾರ್ ಸೈಕಲ್ಲುಗಳಿಗೆ ನೀರು ಮರಳಿತು. ಈ ಬಾರಿ ಪಂಪಿನ ಜೊತೆಗೆ, ಒತ್ತಡ ತಡೆಯುವ ಮುಚ್ಚಳದ ಜೊತೆಗೆ. ಇಂದಿನ ಗಾಡಿಗಳ ರೇಡಿಯೇಟರ್ ಮುಚ್ಚಳ ಸಾಮಾನ್ಯವಾಗಿ ಸುಮಾರು 110 ಕಿಲೋಪಾಸ್ಕಲ್ ಒತ್ತಡದವರೆಗೆ ತೆರೆಯುವುದಿಲ್ಲ. ಒತ್ತಡ ಹೆಚ್ಚಿದಂತೆ ಕುದಿಬಿಂದು ಏರುತ್ತದೆ. ಈ ಒತ್ತಡದಲ್ಲಿ ನೀರು ಕುದಿಯುವುದು 120 ಡಿಗ್ರಿಯ ಆಸುಪಾಸಿನಲ್ಲಿ. 20 ಮಿಲಿಮೀಟರ್ ಒಳವ್ಯಾಸದ ಹೋಸನ್ನು ಕಳಚಲು ಆಗ ವರ್ತಿಸುವ ಬಲ ಸುಮಾರು 35 ನ್ಯೂಟನ್. ಹೋಸಿನ ತುದಿಗೆ ಮೂರೂವರೆ ಕಿಲೋ ತೂಕ ಕಟ್ಟಿ ತೂಗುಬಿಟ್ಟಂತೆ.

ಈ ಬಲಕ್ಕೆ ತಿರುಪಿನ ಕ್ಲಾಂಪ್ ಜಗ್ಗುವುದಿಲ್ಲ. ಅದರ ಶತ್ರು ಬಲವಲ್ಲ, ಬಿಸಿ ಮತ್ತು ಕಾಲ. ಬಿಸಿಯಾದಾಗ ರಬ್ಬರ್ ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಹೊರಗೆ ಉಕ್ಕಿನ ಪಟ್ಟಿ, ಒಳಗೆ ಲೋಹದ ಕೊಳವೆ. ಹಿಗ್ಗಿದ ರಬ್ಬರ್ ಎಲ್ಲಿಗೆ ಹೋಗಬೇಕು? ಅದು ಎರಡರ ನಡುವೆ ನಲುಗುತ್ತದೆ. ಬಹುಕಾಲ ನಲುಗಿದ ರಬ್ಬರ್ ಆ ಆಕಾರಕ್ಕೇ ಒಗ್ಗಿಹೋಗುತ್ತದೆ, ಮರಳಿ ಒತ್ತುವ ಬಲವನ್ನು ಕಳೆದುಕೊಳ್ಳುತ್ತದೆ. ಗಾಡಿ ತಣಿದಾಗ ರಬ್ಬರ್ ಕುಗ್ಗುತ್ತದೆ, ಪಟ್ಟಿ ಇದ್ದಲ್ಲೇ ಇರುತ್ತದೆ. ಬಿಸಿಯಿದ್ದಾಗ ಸೋರದ ಹೋಸು ಚಳಿಗಾಲದ ಬೆಳಿಗ್ಗೆ ಹನಿಯಿಕ್ಕುವುದು ಇದರಿಂದಲೇ.

ಈಗ ನಮ್ಮ ಪ್ರಶ್ನೆಯನ್ನು ಕೇಳಿ: ಸ್ಪ್ರಿಂಗ್ ಎಲ್ಲಿದೆ? ತಿರುಪಿನ ಕ್ಲಾಂಪಿನಲ್ಲಿ ಪಟ್ಟಿ ಹೆಚ್ಚು ಹಿಗ್ಗದು. ಸ್ಪ್ರಿಂಗಿನ ಕೆಲಸವನ್ನೆಲ್ಲ ರಬ್ಬರೇ ಮಾಡಬೇಕು. ಆ ಸ್ಪ್ರಿಂಗ್ ದಿನೇ ದಿನೇ ದುರ್ಬಲವಾಗುತ್ತದೆ.

ಇದಕ್ಕೆ ಕಂಡುಕೊಂಡ ಉತ್ತರ ಸ್ಪ್ರಿಂಗ್ ಉಕ್ಕಿನ ಕ್ಲಿಪ್. ಎರಡು ಚಾಚುಗಳನ್ನು ಹಿಡಿದು ಒತ್ತಿದರೆ ಅಗಲವಾಗುವ, ಬಿಟ್ಟರೆ ಬಿಗಿಯುವ ಬಳೆ ಅದು. ರಬ್ಬರ್ ಹಿಗ್ಗಿದರೆ ತಾನೂ ಹಿಗ್ಗುತ್ತದೆ, ಕುಗ್ಗಿದರೆ ಹಿಂಬಾಲಿಸುತ್ತದೆ. ಶಕ್ತಿಯ ಸಂಗ್ರಹ ರಬ್ಬರಿನಿಂದ ಉಕ್ಕಿಗೆ ವರ್ಗವಾಯಿತು. ಅದರ ಹಿಡಿತ ತಿರುಪಿನಷ್ಟು ಬಿಗಿಯಲ್ಲ, ಆದರೆ ಬಹುಕಾಲ ಹೆಚ್ಚು ಬದಲಾಗುವುದಿಲ್ಲ. ಪೆಟ್ರೋಲ್ ಕೊಳವೆಯ ಸಣ್ಣ ತಂತಿ ಕ್ಲಿಪ್ ಕೂಡ ಇದೇ ಕುಲದ್ದು. ನೋಡಲು ಅಗ್ಗವೆನಿಸುವ ಈ ಕ್ಲಿಪ್ಪನ್ನು ತಯಾರಕರು ಹಾಕಿರುವುದು ಕೇವಲ ಖರ್ಚು ಉಳಿಸಲು ಅಲ್ಲ.

ಕಿವಿಯುಳ್ಳ ಬಳೆ

ಇನ್ನೊಂದು ಉತ್ತರ ಬಂದದ್ದು ಸ್ವಿಟ್ಜರ್ಲೆಂಡಿನಿಂದ. ಜ್ಯೂರಿಕ್ ಸಮೀಪದ ಹೋರ್ಗೆನ್ ಊರಿನಲ್ಲಿ ಹಾನ್ಸ್ ಓಟಿಕರ್ 1942ರಲ್ಲಿ ಸ್ಥಾಪಿಸಿದ ಕಂಪನಿ ಕಿವಿಯ ಕ್ಲಾಂಪುಗಳಿಗೆ ಹೆಸರಾಯಿತು. ಇದರಲ್ಲಿ ತಿರುಪಿಲ್ಲ. ಬಳೆಯ ಒಂದು ಕಡೆ ಕಿವಿಯಂತೆ ಉಬ್ಬಿದ ಭಾಗವಿದೆ. ಅದನ್ನು ಇಕ್ಕಳದಿಂದ ಹಿಸುಕಿದರೆ ಬಳೆ ಕಿರಿದಾಗಿ ಬಿಗಿಯುತ್ತದೆ. ಹಿಸುಕಿದ ಕಿವಿ ಅಲ್ಪಸ್ವಲ್ಪ ಸ್ಪ್ರಿಂಗಿನಂತೆಯೂ ವರ್ತಿಸುತ್ತದೆ. ಗೂಡಿಲ್ಲದ್ದರಿಂದ ಸಣ್ಣ ಕೊಳವೆಯನ್ನೂ ಹೆಚ್ಚುಕಡಿಮೆ ಪೂರ್ತಿ ವೃತ್ತವಾಗಿ ಅಪ್ಪುತ್ತದೆ. ಆದರೆ ಕಿವಿಯ ಲೋಹ ಒಮ್ಮೆ ಶಾಶ್ವತವಾಗಿ ಬಾಗಿದ್ದು ಬಾಗಿದ್ದೇ. ಬಿಚ್ಚಬೇಕಾದರೆ ಕತ್ತರಿಸಬೇಕು, ಮತ್ತೆ ಹೊಸದನ್ನೇ ಹಾಕಬೇಕು.

ನಮ್ಮ ರಸ್ತೆಗಳಲ್ಲಿ

ಈ ಚರಿತ್ರೆಯ ಎಲ್ಲ ಹಂತಗಳೂ ನಮ್ಮ ರಸ್ತೆಗಳಲ್ಲಿ ಒಟ್ಟಿಗೇ ಓಡುತ್ತಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು 1961ರಿಂದಲೂ ಯೆಜ್ಡಿ ಹೆಸರಿನ ಗಾಡಿಗಳನ್ನು 1973ರಿಂದಲೂ ತಯಾರಿಸಿ 1996ರಲ್ಲಿ ಮುಚ್ಚಿತು. ಅವುಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರು ನಮ್ಮಲ್ಲಿದ್ದಾರೆ. ಅವುಗಳಲ್ಲಿ ಪೆಟ್ರೋಲು ಇಳಿಯುವುದು ಗುರುತ್ವದಿಂದ. ಕಾಲು ಮೀಟರಿನಷ್ಟು ಎತ್ತರದ ಪೆಟ್ರೋಲ್ ಕಂಬ ಕೊಡುವ ಒತ್ತಡ ಸುಮಾರು 2 ಕಿಲೋಪಾಸ್ಕಲ್. 8 ಮಿಲಿಮೀಟರ್ ಒಳವ್ಯಾಸದ ಕೊಳವೆಯನ್ನು ಕಳಚುವ ಬಲ ಬರೀ 10 ಗ್ರಾಂ ತೂಕದಷ್ಟು. ತಂತಿ ಕ್ಲಿಪ್ ಸಾಕೇ ಸಾಕು.

ಯಮಹಾದ ಆರ್15 ಗಾಡಿ 2008ರಲ್ಲಿ ಬಂದ ಮೇಲೆ ರೇಡಿಯೇಟರ್ ನಮ್ಮ ಕಾಲೇಜು ಹುಡುಗರಿಗೂ ಪರಿಚಿತವಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದಾಗ ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆ ಸಾಮಾನ್ಯವಾಯಿತು. ಅದರ ಪಂಪು ಕೊಡುವ ಒತ್ತಡ ಸುಮಾರು 300 ಕಿಲೋಪಾಸ್ಕಲ್, ಅಂದರೆ ಗುರುತ್ವದ ಕೊಳವೆಗಿಂತ 150 ಪಟ್ಟು. ಅದೇ 8 ಮಿಲಿಮೀಟರ್ ಕೊಳವೆಯ ಮೇಲೆ ಈಗ ಒಂದೂವರೆ ಕಿಲೋ ತೂಕದ ಬಲ. ಇಲ್ಲಿ ಸೋರಿದರೆ ಪೆಟ್ರೋಲು ಹನಿಯುವುದಿಲ್ಲ, ಚಿಮ್ಮುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಈ ಕೊಳವೆಗೆ ಕ್ಲಾಂಪಿನ ಬದಲು ಒತ್ತಿ ಸಿಕ್ಕಿಸುವ ವಿಶೇಷ ಜೋಡಣೆಯೇ ಇರುತ್ತದೆ. ಅದನ್ನು ಕಿತ್ತು ಸಾಧಾರಣ ಹೋಸು ಮತ್ತು ತಂತಿ ಕ್ಲಿಪ್ ಹಾಕುವುದು ಬೆಂಕಿಯೊಡನೆ ಆಟವಾಡಿದಂತೆ.

ಆರಿಸುವಾಗ, ಬದಲಿಸುವಾಗ

ಇಷ್ಟು ಅರಿತ ಮೇಲೆ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕಾರಣಗಳಿಂದ ಅವು ತಾವಾಗಿಯೇ ಹೊಮ್ಮುತ್ತವೆ.

1. ಗಾಡಿಯಲ್ಲಿ ಮೊದಲಿನಿಂದ ಯಾವ ಬಗೆಯ ಕ್ಲಾಂಪ್ ಇತ್ತೋ ಅದೇ ಬಗೆಯದನ್ನು ಹಾಕಿ. ಅಳೆಯಬೇಕಾದುದು ಲೋಹದ ಕೊಳವೆಗೆ ಸಿಕ್ಕಿಸಿದ ಮೇಲಿನ ಹೋಸಿನ ಹೊರವ್ಯಾಸವನ್ನು. ಆ ಅಳತೆ ಕ್ಲಾಂಪಿನ ಮೇಲೆ ನಮೂದಿಸಿದ ಮಿತಿಯ ನಡುವೆ ಬರಲಿ, ಅಂಚಿನಲ್ಲಿ ಬೇಡ.

2. ಲೋಹದ ಕೊಳವೆಯ ತುದಿಯಲ್ಲಿ ಉಬ್ಬಿದ ಏಣು ಇರುತ್ತದೆ. ಕ್ಲಾಂಪ್ ಆ ಏಣನ್ನು ದಾಟಿ ಒಳಬದಿಗೆ ಕೂರಬೇಕು, ಏಣಿನ ಮೇಲಲ್ಲ. ಹೋಸಿನ ತುದಿಯಿಂದ ಎರಡು ಮೂರು ಮಿಲಿಮೀಟರ್ ಒಳಗಿರಲಿ.

3. ತಿರುಪಿನ ಕ್ಲಾಂಪಿನಲ್ಲಿ ಗೀರುಗಳು ಆರಪಾರ ಕತ್ತರಿಸಿದವೋ, ಬರೀ ಅಚ್ಚೊತ್ತಿದವೋ ನೋಡಿ. ಕತ್ತರಿಸಿದ ಗೀರಿನೊಳಗೆ ಮೆತ್ತನೆಯ ರಬ್ಬರ್ ಉಬ್ಬಿ ಸೀಳುತ್ತದೆ. ಒಳಮೈ ನುಣುಪಾಗಿದ್ದು ಅಂಚು ಹೊರಕ್ಕೆ ಮಡಿಚಿದ್ದರೆ ಒಳ್ಳೆಯದು.

4. ಬಿಗಿದಷ್ಟೂ ಒಳ್ಳೆಯದೆಂಬುದು ತಪ್ಪು. ಪಟ್ಟಿಯ ಎರಡೂ ಬದಿಗೆ ರಬ್ಬರ್ ಉಕ್ಕಿ ಬರುತ್ತಿದ್ದರೆ ಮಿತಿ ಮೀರಿದೆ. ಗಾಡಿ ಒಮ್ಮೆ ಬಿಸಿಯಾಗಿ ಪೂರ್ತಿ ತಣಿದ ಮೇಲೆ ತಿರುಪನ್ನು ಮತ್ತೊಮ್ಮೆ ನೋಡಿಕೊಳ್ಳಿ.

5. ಸ್ಪ್ರಿಂಗ್ ಕ್ಲಿಪ್ ತುಕ್ಕು ಹಿಡಿದಿದ್ದರೆ ಅಥವಾ ಕೈಯಿಂದಲೇ ತಿರುಗುವಷ್ಟು ಸಡಿಲವಾಗಿದ್ದರೆ ಬದಲಿಸಿ. ಕಿವಿಯ ಕ್ಲಾಂಪನ್ನು ಎರಡನೆಯ ಸಲ ಬಳಸಬೇಡಿ.

6. ಹೋಸಿನ ತುದಿ ಬಿರುಕು ಬಿಟ್ಟಿದ್ದರೆ ಅಥವಾ ಮರದಂತೆ ಗಡುಸಾಗಿದ್ದರೆ ಹೊಸ ಕ್ಲಾಂಪ್ ಹಾಕಿ ಪ್ರಯೋಜನವಿಲ್ಲ. ಹೋಸನ್ನೂ ಬದಲಿಸಿ. ಎಥನಾಲ್ ಬೆರೆತ ಪೆಟ್ರೋಲ್ ಬಳಸುತ್ತಿರುವ ಈ ಕಾಲದಲ್ಲಿ ಹಳೆಯ ಗಾಡಿಗಳ ಕೊಳವೆಗಳನ್ನು ಹೆಚ್ಚು ಸಲ ಪರೀಕ್ಷಿಸುವುದು ಲೇಸು.

7. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನಾಗಲಿ ಹೋಸನ್ನಾಗಲಿ ಬಿಚ್ಚಬೇಡಿ. ಒತ್ತಡ ಇಳಿದೊಡನೆ 100 ಡಿಗ್ರಿ ಮೀರಿದ ದ್ರವ ಒಮ್ಮೆಗೇ ಕುದಿದು ಮುಖಕ್ಕೆ ಎರಚುತ್ತದೆ. ಇಂಜೆಕ್ಷನ್ ಗಾಡಿಯ ಪೆಟ್ರೋಲ್ ಕೊಳವೆಯನ್ನು ತಿಳಿದ ಮೆಕ್ಯಾನಿಕ್‌ಗೆ ಬಿಡಿ. ಅವರು ಮೊದಲು ಒತ್ತಡ ಇಳಿಸಿ ಆಮೇಲೆ ಕೈ ಹಾಕುತ್ತಾರೆ.

ತರಗತಿಯಲ್ಲಿ ಒಂದು ಪ್ರಯೋಗ

ಅಧ್ಯಾಪಕರು ಇದನ್ನು ಸುಲಭವಾಗಿ ತೋರಿಸಬಹುದು. ಸುಮಾರು 20 ಮಿಲಿಮೀಟರ್ ವ್ಯಾಸದ, ಒಂದು ತುದಿ ಮುಚ್ಚಿದ ಲೋಹದ ಕೊಳವೆಗೆ ರಬ್ಬರ್ ಹೋಸಿನ ತುದಿಯನ್ನು ಸಡಿಲವಾಗಿ ಸಿಕ್ಕಿಸಿ. ಹೋಸಿನ ಇನ್ನೊಂದು ತುದಿಗೆ ಆಲಿಕೆಯಿಟ್ಟು ನೀರು ತುಂಬಿ ಮೆಲ್ಲನೆ ಮೇಲಕ್ಕೆತ್ತಿ. ಯಾವ ಎತ್ತರದಲ್ಲಿ ನೀರು ಸೋರುತ್ತದೆಂದು ಗುರುತು ಹಾಕಿ. ಎರಡು ಮೀಟರ್ ಎತ್ತರಕ್ಕೆ ಒತ್ತಡ ಸುಮಾರು 20 ಕಿಲೋಪಾಸ್ಕಲ್. ಆಮೇಲೆ ಹೊಸೆದ ತಂತಿ, ಸ್ಪ್ರಿಂಗ್ ಕ್ಲಿಪ್, ತಿರುಪಿನ ಕ್ಲಾಂಪ್ ಇವನ್ನು ಒಂದೊಂದಾಗಿ ಹಾಕಿ ನೋಡಿ. ಮೊದಲ ದಿನ ತಿರುಪಿನ ಕ್ಲಾಂಪ್ ಯಾರಿಗೂ ಸೋಲದು.

ಆದರೆ ಪ್ರಯೋಗವನ್ನು ಅಲ್ಲಿಗೇ ಮುಗಿಸಬೇಡಿ. ಜೋಡಣೆಯನ್ನು ದಿನಕ್ಕೊಮ್ಮೆ ಬಿಸಿನೀರಿನಲ್ಲಿ ಅದ್ದಿ ತಣಿಸುತ್ತ ಕೆಲವು ವಾರ ಇಡಿ. ತಿರುಪನ್ನು ಮತ್ತೆ ಎಷ್ಟು ಸುತ್ತು ಬಿಗಿಯಬಹುದೆಂದು ವಿದ್ಯಾರ್ಥಿಗಳೇ ಬರೆದಿಡಲಿ. ಸ್ಪ್ರಿಂಗ್ ಕ್ಲಿಪ್ಪಿಗೆ ಯಾವ ಉಪಚಾರವೂ ಬೇಕಾಯಿತೇ ಎಂಬುದನ್ನೂ ಬರೆಯಲಿ. ಮೊದಲ ದಿನದ ಬಿಗಿತವೇ ಬೇರೆ, ಉಳಿದು ಬರುವ ಬಿಗಿತವೇ ಬೇರೆ ಎಂಬುದು ಅವರ ಟಿಪ್ಪಣಿ ಪುಸ್ತಕದಿಂದಲೇ ಗೊತ್ತಾಗುತ್ತದೆ. ಮುಂದಿನ ಸಲ ಬಿಡಿಭಾಗದ ಅಂಗಡಿಯಲ್ಲಿ ಕ್ಲಿಪ್ ಕೇಳುವಾಗ ಬೆಲೆಯ ಜೊತೆಗೆ ಅದರಲ್ಲಿ ಸ್ಪ್ರಿಂಗ್ ಎಲ್ಲಿದೆ ಎಂಬುದನ್ನೂ ಅವರು ನೋಡಿಕೊಳ್ಳುತ್ತಾರೆ.